ಅಮ್ಮನ ಮಂಡಿಗೆ ಹೊಂದಿಕೊಂಡ ನಾರಾ

ಜಪಾನಿನ ನಾರಾ ಊರು ತೋರಿಸಲಿದ್ದ ಗೈಡ್‌ಗೆ ನಾನು ಕಳಿಸಿದ ಪಟ್ಟಿಯಲ್ಲಿ ಒಂಬತ್ತು ಜಾಗಗಳಿದ್ದವು. ಹೋರ್ಯೂಜಿ, ಯಾಕುಶಿಜಿ, ತೋಶೋದಾಯ್ಜಿ, ತೋದಾಯ್ಜಿ, ಕೋಫುಕುಜಿ ಎಂಬ ಬೌದ್ಧ ದೇವಸ್ಥಾನಗಳು, ಕಸುಗಾ ತಾಯ್ಶಾ ಎಂಬ ಶಿಂತೋ ಗುಡಿ, ಹಳೇ ಅರಮನೆಯ ಬಯಲು, ಒಂದು ಉದ್ಯಾನ, ಕೊನೆಗೆ ನಾರಾಮಾಚಿಯ ಹಳೇ ಬೀದಿಗಳು. ಕೈಯಲ್ಲಿದ್ದದ್ದು ಒಂದೇ ದಿನ. ತಮ್ಮ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಅಂದು ರಜೆ ಇರಲಿಲ್ಲ. ಹಾಗಾಗಿ ಅಮ್ಮ ಮತ್ತು ನಾನು ಇಬ್ಬರೇ ನಾರಾಗೆ ಹೋಗುವುದು, ಒಬ್ಬ ಗೈಡ್ ಜೊತೆಗಿರುವುದು, ಎಲ್ಲಿಗೆ ಹೋಗಬೇಕೆಂದು ನಾವೇ ಹೇಳುವುದು ಎಂದು ಮಾತಾಗಿತ್ತು.

ಮಾರನೇ ದಿನ ಗೈಡ್ ಉತ್ತರ ಬರೆದರು. ಅದರಲ್ಲಿ ಒಂದು ದೇವಸ್ಥಾನದ ಹೆಸರೂ ಇರಲಿಲ್ಲ, ಬರೀ ಪ್ರಶ್ನೆಗಳು. ನಿಮ್ಮ ತಾಯಿಯವರು ಒಂದೇ ಸಲಕ್ಕೆ ಎಷ್ಟು ಹೊತ್ತು ನಡೆಯಬಲ್ಲರು? ಮೆಟ್ಟಿಲು ಹತ್ತುವುದು ಕಷ್ಟವೋ, ಇಳಿಯುವುದು ಕಷ್ಟವೋ? ನೆಲದ ಮೇಲೆ ಕೂತು ಊಟ ಮಾಡಬಲ್ಲರೇ? ಏನೇನು ತಿನ್ನುವುದಿಲ್ಲ? ಈ ಒಂಬತ್ತರಲ್ಲಿ ಯಾವುದನ್ನು ನೋಡದೆ ವಾಪಸ್ಸಾದರೆ ನಿಮಗೆ ನಿಜಕ್ಕೂ ಬೇಸರವಾಗುತ್ತದೆ?

ಅಮ್ಮನಿಗೆ ಓದಿ ಹೇಳಿದೆ. "ಇಳಿಯೋದೇ ಕಷ್ಟ ಅಂತ ಬರಿ" ಎಂದಳು. ಒಂದು ಕ್ಷಣ ಬಿಟ್ಟು, "ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲ ನೋಡು" ಎಂದಳು.

ಕೊನೆಗೆ ಒಂಬತ್ತು ಹೋಗಿ ನಾಲ್ಕಾಯಿತು. ಹೋರ್ಯೂಜಿ ಇರುವುದು ನಾರಾ ಊರೊಳಗಲ್ಲ, ಹತ್ತು ಹನ್ನೆರಡು ಕಿಲೋಮೀಟರ್ ಆಚೆ ಇಕಾರುಗಾದಲ್ಲಿ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು ಅಲ್ಲಿವೆ. ನೋಡಬೇಕಾದರೆ ಅರ್ಧ ದಿನ ಅದಕ್ಕೇ ಕೊಡಬೇಕು, ಕೊಡಲಾಗದಿದ್ದರೆ ಬಿಟ್ಟುಬಿಡಿ ಎಂದು ಅವರು ನೇರವಾಗಿ ಬರೆದಿದ್ದರು. ಕೋಫುಕುಜಿಯ ಐದಂತಸ್ತಿನ ಗೋಪುರ ದುರಸ್ತಿಗಾಗಿ ಮುಚ್ಚಿಕೊಂಡಿದೆ, ಫೋಟೋದಲ್ಲಿ ಕಂಡದ್ದು ನಿಮಗೆ ಕಾಣುವುದಿಲ್ಲ, ಆದರೂ ಅಲ್ಲಿ ಬೇರೊಬ್ಬರನ್ನು ನೋಡಲು ಹೋಗೋಣ ಎಂದಿದ್ದರು. ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ಏನು ಕಾಣುವುದಿಲ್ಲ ಎಂಬುದನ್ನು ಮೊದಲೇ ಹೇಳುವವರನ್ನು ನಂಬಬಹುದು.

ಹೀಗೆ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಬೇರೊಂದು ದೇಶದಲ್ಲಿ ಅಪ್ಪ ಅಮ್ಮನನ್ನು ಬಸ್ ಟೂರಿಗೆ ಕರೆದೊಯ್ದಿದ್ದೆ. ಒಂದು ದಿನಕ್ಕೆ ಹನ್ನೊಂದು ಜಾಗ. ಬಾವುಟ ಹಿಡಿದವರು ಮುಂದೆ, ನಾವು ಹಿಂದೆ. ನಾಲ್ಕನೇ ಜಾಗದಿಂದ ಅಮ್ಮ ಬಸ್ಸಿನಿಂದ ಇಳಿಯುವುದನ್ನೇ ಬಿಟ್ಟಳು. "ನೀವು ನೋಡ್ಕೊಂಡು ಬನ್ನಿ" ಎಂದು ಕಿಟಕಿ ಪಕ್ಕ ಕೂತಳು. ಅಪ್ಪ ಈಗಿಲ್ಲ. ಅವರಿಬ್ಬರೂ ಜೊತೆಯಾಗಿ ವಿದೇಶ ನೋಡಿದ್ದು ಅದೊಂದೇ ಸಲ. ಅದರಲ್ಲಿ ಅರ್ಧವನ್ನು ಅಮ್ಮ ಬಸ್ಸಿನ ಗಾಜಿನಲ್ಲೇ ನೋಡಿದಳು ಎಂಬುದು ನನಗೆ ಇವತ್ತಿಗೂ ನೋವು.

ವ್ಯವಹಾರದ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಹೋಗಬೇಕೆಂದಿರುವವರಿಗೆ ಬೇಕಾಗುತ್ತದೆ. ಹೀಗೆ ನಮಗಾಗಿಯೇ ಗೈಡ್ ಇಟ್ಟುಕೊಳ್ಳುವ ಟೂರಿನಲ್ಲಿ ಸಾಮಾನ್ಯವಾಗಿ ತಲೆಗೆ ಇಷ್ಟು ಎಂದಿರುವುದಿಲ್ಲ, ಇಡೀ ಗುಂಪಿಗೆ ಇಷ್ಟು ಗಂಟೆಗೆ ಇಷ್ಟು ಎಂದಿರುತ್ತದೆ. ಇಬ್ಬರೇ ಹೋದರೆ ದುಬಾರಿ, ನಾಲ್ಕೈದು ಜನರಿದ್ದರೆ ಪರವಾಗಿಲ್ಲ. ಗೈಡ್‌ನ ಪ್ರವೇಶ ಶುಲ್ಕ, ಬಸ್ಸು, ಊಟ ಯಾರ ಲೆಕ್ಕ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಜಪಾನಿನಲ್ಲಿ ಗೈಡ್‌ಗಳಿಗೆ ಸರಕಾರದ ಪರೀಕ್ಷೆ, ಪರವಾನಗಿ 1949ರ ಕಾನೂನಿನಿಂದ ಇದೆ. 2018ರಿಂದ ಪರವಾನಗಿ ಇಲ್ಲದವರೂ ಹಣ ಪಡೆದು ಊರು ತೋರಿಸಬಹುದು. ಆದ್ದರಿಂದ ಪರವಾನಗಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಗೈಡ್ ತಮ್ಮ ಸ್ವಂತ ಕಾರಿನಲ್ಲಿ ಬಾಡಿಗೆಗೆ ಕರೆದೊಯ್ಯುವಂತಿಲ್ಲ. ಬಾಡಿಗೆ ವಾಹನಕ್ಕೆ ಹಸಿರು ನಂಬರ್ ಪ್ಲೇಟ್ ಇರಬೇಕು. ನಡಿಗೆ ಕಷ್ಟ ಎನ್ನುವವರು ನಡುವೆ ಟ್ಯಾಕ್ಸಿಗೆಂದು ಒಂದಿಷ್ಟು ಹಣ ತೆಗೆದಿಟ್ಟುಕೊಳ್ಳಿ. ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ.

ನವೆಂಬರ್ ತಿಂಗಳ ಬೆಳಿಗ್ಗೆ. ಒಸಾಕಾದ ನಂಬಾದಿಂದ ಕಿಂಟೆಟ್ಸು ರೈಲಿನಲ್ಲಿ ನಲವತ್ತು ನಿಮಿಷ. ಗೈಡ್ ನಿಲ್ದಾಣದಲ್ಲೇ ಕಾಯುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಸಣ್ಣ ದೇಹ, ಬೆನ್ನಿಗೆ ಬ್ಯಾಗು. ಕೈಯಲ್ಲೊಂದು ಮಡಚುವ ಸ್ಟೂಲು, ಅಮ್ಮನಿಗೆಂದು ಮನೆಯಿಂದ ತಂದದ್ದು. ಅಮ್ಮ ಕೈ ಮುಗಿದಳು, ಅವರು ಬಗ್ಗಿದರು. ಇನ್ನೊಮ್ಮೆ ಇವಳು ಮುಗಿದಳು, ಇನ್ನೊಮ್ಮೆ ಅವರು ಬಗ್ಗಿದರು. ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ ತರುವುದು, ಅಮ್ಮನ ಕನ್ನಡವನ್ನು ಇಂಗ್ಲಿಷಿಗೆ ಒಯ್ಯುವುದು, ಇದು ಆ ದಿನವೆಲ್ಲ ನನ್ನ ಕೆಲಸವಾಯಿತು. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ನನ್ನ ಅಗತ್ಯವೇ ಇರಲಿಲ್ಲ.

ಶಾಲಾ ಮಕ್ಕಳ ಬಸ್ಸುಗಳು ಬರುವ ಮುಂಚೆ ತೋದಾಯ್ಜಿ ಮುಗಿಸಬೇಕು ಎಂಬುದು ಅವರ ಲೆಕ್ಕ. ದಾರಿಯುದ್ದಕ್ಕೂ ಜಿಂಕೆಗಳು. ಕಸುಗಾ ದೇವರು ಬಿಳಿ ಜಿಂಕೆಯ ಮೇಲೆ ಕೂತು ಈ ಊರಿಗೆ ಬಂದನೆಂಬ ನಂಬಿಕೆಯಿಂದ ಇವುಗಳನ್ನು ಯಾರೂ ಮುಟ್ಟದೆ ಬೆಳೆಸಿದ್ದಾರೆ, ಸಾವಿರಕ್ಕೂ ಹೆಚ್ಚಿವೆ. ಅಕ್ಕಿ ತೌಡಿನ ಬಿಸ್ಕತ್ತು ಮಾರುತ್ತಾರೆ, ಅದನ್ನು ತೋರಿಸಿದರೆ ತಲೆ ಬಾಗಿಸುತ್ತವೆ. ಬಿಸ್ಕತ್ತಿಗಿಂತ ಕಾಗದವನ್ನು ಬೇಗ ಕಸಿಯುತ್ತವೆ, ಟಿಕೆಟು, ಮ್ಯಾಪು ಏನಿದ್ದರೂ ಬ್ಯಾಗಿನೊಳಗಿಡಿ.

ನಾನ್ದಾಯ್‌ಮೋನ್ ಎಂಬ ಮಹಾದ್ವಾರದಲ್ಲಿ ಗೈಡ್ ಸ್ಟೂಲು ಬಿಡಿಸಿದರು. ಎರಡು ಬದಿಗೆ ಇಬ್ಬರು ಕಾವಲುಗಾರರು, ಎಂಟು ಮೀಟರಿಗೂ ಎತ್ತರ, ಪೂರ್ತಿ ಮರದವರು. ಉಂಕೇಯ್, ಕಾಯ್‌ಕೇಯ್ ಎಂಬ ಶಿಲ್ಪಿಗಳು ತಮ್ಮ ಬಳಗದೊಂದಿಗೆ 1203ರಲ್ಲಿ ಎರಡೂಕಾಲು ತಿಂಗಳಲ್ಲಿ ಕಡೆದು ನಿಲ್ಲಿಸಿದ್ದು. ಒಬ್ಬ ಬಾಯಿ ತೆರೆದಿದ್ದಾನೆ, ಇನ್ನೊಬ್ಬ ಮುಚ್ಚಿದ್ದಾನೆ. "ಇವನು ಆ, ಅವನು ಉನ್. ನಿಮ್ಮ ಅಕ್ಷರಗಳೇ" ಎಂದರು ಗೈಡ್. ಸಂಸ್ಕೃತದ ಅಕಾರ, ಹೂಂಕಾರ. ಮೊದಲ ಸದ್ದು, ಕೊನೆಯ ಸದ್ದು. ಅಮ್ಮ ಇಬ್ಬರನ್ನೂ ನೋಡಿ, "ಜಯ ವಿಜಯರು" ಎಂದು ತೀರ್ಮಾನಿಸಿದಳು. ಗೈಡ್ ಆ ಎರಡು ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಮಹಾಬುದ್ಧ. ವೈರೋಚನ ಎಂಬ ಬುದ್ಧನ ಕಂಚಿನ ಮೂರ್ತಿ, ಕೂತ ಭಂಗಿಯಲ್ಲೇ ಹದಿನೈದು ಮೀಟರ್. ನಾರಾ 710ರಿಂದ 784ರವರೆಗೆ ರಾಜಧಾನಿಯಾಗಿತ್ತು. ಆ ನಡುವೆ, 735ರಿಂದ 737ರವರೆಗೆ ಸಿಡುಬು ದೇಶವನ್ನೆಲ್ಲ ಬಡಿಯಿತು. ಸಾಮ್ರಾಟ ಶೋಮು 743ರಲ್ಲಿ ಈ ಬುದ್ಧನನ್ನು ಎರಕ ಹೊಯ್ಯಿಸುವ ಸಂಕಲ್ಪ ಮಾಡಿದ. ಅಷ್ಟು ನನಗೆ ಓದಿ ಗೊತ್ತಿತ್ತು. ಗೈಡ್ ಶುರು ಮಾಡಿದ್ದು ಬೇರೆ ಕಡೆಯಿಂದ. "ವಿಗ್ರಹ ಆದ ಮೇಲೆ ನಿಮ್ಮಲ್ಲಿ ಕಣ್ಣು ಯಾರು ಬರೆಯುತ್ತಾರೆ?" ಎಂದು ಅಮ್ಮನನ್ನು ಕೇಳಿದರು.

ಅಮ್ಮನಿಗೆ ಗೊತ್ತು. ನಮ್ಮೂರಿನ ದೇವಸ್ಥಾನದ ಪ್ರತಿಷ್ಠೆಯಲ್ಲಿ ನೇತ್ರೋನ್ಮೀಲನ ನೋಡಿದವಳು. ಚಿನ್ನದ ಕಡ್ಡಿ, ಕನ್ನಡಿ, ಎಲ್ಲವನ್ನೂ ಕೈಯಲ್ಲೇ ಅಭಿನಯಿಸಿ ತೋರಿಸಿದಳು. ಗೈಡ್ ಪೂರ್ತಿ ಕೇಳಿಸಿಕೊಂಡು ಹೇಳಿದರು: "ಈ ಬುದ್ಧನ ಕಣ್ಣು ಬರೆದದ್ದು ನಿಮ್ಮ ಕಡೆಯವರು."

ಬೋಧಿಸೇನ. ಜಪಾನಿನ ಹಳೆಯ ಬರಹಗಳು ಅವನನ್ನು ದಕ್ಷಿಣ ಭಾರತದ ಬ್ರಾಹ್ಮಣ ಸನ್ಯಾಸಿ ಎಂದು ಕರೆಯುತ್ತವೆ. ಮಂಜುಶ್ರೀ ಬೋಧಿಸತ್ವನ ದರ್ಶನಕ್ಕೆಂದು ಚೀನಾಕ್ಕೆ ಹೋದವನು, ಜಪಾನಿನ ರಾಯಭಾರಿಗಳು ಕರೆದರೆಂದು ಹಡಗು ಹತ್ತಿ 736ರಲ್ಲಿ ಇಲ್ಲಿಗೆ ಬಂದ. ಪಟ್ಟ ಬಿಟ್ಟುಕೊಟ್ಟಿದ್ದ ಶೋಮು, 752ರಲ್ಲಿ ಕಣ್ಣು ತೆರೆಸುವ ಶಾಸ್ತ್ರಕ್ಕೆ ಇವನನ್ನೇ ಕೇಳಿಕೊಂಡ. ಹತ್ತು ಸಾವಿರ ಸನ್ಯಾಸಿಗಳು ಸೇರಿದ್ದರೆಂದು ಆ ಕಾಲದ ದಾಖಲೆ ಹೇಳುತ್ತದೆ. ಅಷ್ಟು ಜನಕ್ಕೆ ಕುಂಚ ಮುಟ್ಟಲು ಆಗುವುದಿಲ್ಲವಲ್ಲ. ಕುಂಚಕ್ಕೆ ಉದ್ದನೆಯ ನೀಲಿ ನೂಲು ಕಟ್ಟಿ ಕೆಳಕ್ಕೆ ಬಿಟ್ಟರು. ಮೇಲೆ ಬೋಧಿಸೇನ ಕಣ್ಣು ಬರೆಯುತ್ತಿದ್ದಾಗ ಕೆಳಗೆ ಸೇರಿದವರು ಆ ನೂಲು ಹಿಡಿದು ನಿಂತಿದ್ದರು, ಕಣ್ಣು ಬರೆದ ಪುಣ್ಯ ತಮಗೂ ಬರಲೆಂದು. ಆ ಕುಂಚ, ಆ ನೂಲು ಎರಡೂ ಶೋಸೋಯಿನ್ ಎಂಬ ಭಂಡಾರದಲ್ಲಿ ಇವತ್ತಿಗೂ ಇವೆ. 1180ರ ಯುದ್ಧದಲ್ಲಿ ಮಂದಿರ ಸುಟ್ಟು ಬುದ್ಧ ಹಾಳಾಗಿ, 1185ರಲ್ಲಿ ಮತ್ತೆ ಕಣ್ಣು ತೆರೆಸಬೇಕಾದಾಗ ಅದೇ ಕುಂಚವನ್ನು ಹೊರತೆಗೆದರು. 433 ವರ್ಷ ಹಳೆಯ ಕುಂಚ!

"ಅವರ ಗೋತ್ರವೂ ಬರೆದಿಟ್ಟಿದ್ದಾರೆ" ಎಂದು ಗೈಡ್ ತಡವರಿಸಿ ಒಂದು ಹೆಸರು ಹೇಳಿದರು. ನನಗೆ ಮೊದಲು ಅರ್ಥವಾಗಲಿಲ್ಲ. ಪುಸ್ತಕದಲ್ಲಿ ಬರೆದು ತೋರಿಸಿದಾಗ ಗೊತ್ತಾಯಿತು, ಭಾರದ್ವಾಜ. ಅಪ್ಪನ ಗೋತ್ರ. ಅಮ್ಮ ಏನೂ ಮಾತಾಡಲಿಲ್ಲ. ಬಹಳ ಹೊತ್ತು ಬುದ್ಧನ ಕಣ್ಣನ್ನೇ ನೋಡುತ್ತ ಕೂತಿದ್ದಳು.

ನಾವು ನೋಡುತ್ತಿದ್ದ ಕಣ್ಣು ಬೋಧಿಸೇನ ಬರೆದದ್ದಲ್ಲ, ಅದನ್ನೂ ಗೈಡ್ ಮುಚ್ಚಿಡಲಿಲ್ಲ. 1567ರಲ್ಲಿ ಇನ್ನೊಂದು ಯುದ್ಧ, ಇನ್ನೊಂದು ಬೆಂಕಿ. ತಲೆ ಕಳಚಿ ಬಿತ್ತು. ಆಮೇಲೆ ಹಾಕಿದ ಚಪ್ಪರವೂ ಬಿರುಗಾಳಿಗೆ ಹೋಗಿ, ಬುದ್ಧ ದಶಕಗಟ್ಟಲೆ ಮಳೆಯಲ್ಲೇ ಕೂತಿದ್ದ. ಕೋಕೇಯ್ ಎಂಬ ಸನ್ಯಾಸಿ ಊರೂರು ತಿರುಗಿ ಚಂದಾ ಎತ್ತಿ, ತಲೆ ಕೂಡಿಸಿ, 1692ರಲ್ಲಿ ಮತ್ತೆ ಕಣ್ಣು ತೆರೆಸಿದ. ಈಗಿರುವ ಮಂದಿರ 1709ರದ್ದು. ದುಡ್ಡು ಸಾಲದೆ ಅಗಲವನ್ನು 86 ಮೀಟರಿನಿಂದ 57ಕ್ಕೆ ಇಳಿಸಿದರು. ಹಾಗಿದ್ದೂ ಒಳಗೆ ನಿಂತರೆ ಕತ್ತು ನೋಯುವಷ್ಟು ಎತ್ತರ. ಮೊದಲಿನದರಲ್ಲಿ ಉಳಿದದ್ದು ಮೈಯ ಕೆಲವು ಭಾಗ, ಪೀಠದ ತಾವರೆ ದಳಗಳು. ಆ ದಳಗಳ ಮೇಲೆ ಗೀರಿದ ಸಣ್ಣ ಗೆರೆಗಳಲ್ಲಿ ಬುದ್ಧ, ಬೋಧಿಸತ್ವರು, ಸುಮೇರು, ಲೋಕದ ಮೇಲೆ ಲೋಕ. ಅಮ್ಮ ನೋಡಿದ್ದು ಮೇಲಕ್ಕೆ, ಕಣ್ಣಿಗೆ. ನಾನು ನೋಡಿದ್ದು ಈ ಗೆರೆಗಳನ್ನು. ಬೋಧಿಸೇನ ಇವನ್ನು ಕಂಡಿದ್ದಿರಬೇಕು ಅನ್ನಿಸಿತು.

ಹೊರಗೆ ಬಂದರೆ ಬಾಗಿಲಿನ ಪಕ್ಕ ಒಬ್ಬ ಮುದುಕ ಕೂತಿದ್ದಾನೆ. ಮರದ ಮೂರ್ತಿ, ತಲೆಗೆ ಹೆಗಲಿಗೆ ಕೆಂಪು ಬಟ್ಟೆ. ಹೆಸರು ಬಿಂಝುರು. ಬುದ್ಧನ ಶಿಷ್ಯನಾಗಿದ್ದ ಪಿಂಡೋಲನೇ ಜಪಾನಿಗರ ಬಾಯಲ್ಲಿ ಬಿಂಝುರು ಆಗಿದ್ದಾನೆ. ಎತ್ತರದ ಕಂಬದ ಮೇಲಿಟ್ಟ ಗಂಧದ ಬಟ್ಟಲನ್ನು ಗಾಳಿಯಲ್ಲಿ ಹಾರಿ ತಂದು ಜನರೆದುರು ಸಿದ್ಧಿ ಮೆರೆದನಂತೆ. ಬುದ್ಧ ಗದರಿಸಿದ. ಅದಕ್ಕೇ ಒಳಗೆ ಜಾಗವಿಲ್ಲ, ಹೊರಗೇ ಕೂತು ಜನರ ನೋವು ಕೇಳುತ್ತಾನೆ. ನಿಮಗೆಲ್ಲಿ ನೋವಿದೆಯೋ ಅವನ ಆ ಭಾಗ ಸವರಿ, ಆಮೇಲೆ ನಿಮ್ಮದನ್ನು ಸವರಿಕೊಳ್ಳಬೇಕು.

ಮೂರ್ತಿಯ ಮರ ಬಿರುಕು ಬಿಟ್ಟಿತ್ತು. ಮಂಡಿ ಮಾತ್ರ ಕೈಯಾಡಿ ಆಡಿ ನಮ್ಮ ಹಳೇ ಮನೆಯ ಹೊಸ್ತಿಲಿನಂತೆ ನುಣ್ಣಗಾಗಿತ್ತು. ಅಮ್ಮ ಅವನ ಬಲಮಂಡಿಯ ಮೇಲೆ ಅಂಗೈಯಿಟ್ಟಳು, ತನ್ನ ಮಂಡಿಗೆ ಒತ್ತಿಕೊಂಡಳು. ಇನ್ನೊಮ್ಮೆ ಅವನ ಎಡಮಂಡಿ, ತನ್ನ ಎಡಮಂಡಿ. ಪಕ್ಕದಲ್ಲಿ ಒಬ್ಬ ಜಪಾನಿ ಅಜ್ಜಿ ಸೊಂಟ ಹಿಡಿದುಕೊಂಡು ಸರದಿಗೆ ಕಾಯುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಇವನ ಪೂರ್ತಿ ಹೆಸರು ಪಿಂಡೋಲ ಭಾರದ್ವಾಜ" ಎಂದು ನಾನು ಹೇಳಿದೆ. "ಹಾಗಾದ್ರೆ ಇವನೂ ನಮ್ಮವನೇ. ಹೊರಗೆ ಕೂರಿಸಿದ್ದಾರಲ್ಲೇ ಪಾಪ" ಎಂದು ಅಮ್ಮ ಅವನ ಕೆಂಪು ಶಾಲಿನ ಅಂಚು ಸರಿಮಾಡಿದಳು.

ಮೊದಲು ನಾನು ಬರೆದ ಪಟ್ಟಿಯಲ್ಲಿ ತೋದಾಯ್ಜಿಗೆ ನಲವತ್ತು ನಿಮಿಷ ಇಟ್ಟಿದ್ದೆ. ನಾವು ಅಲ್ಲಿದ್ದದ್ದು ಎರಡೂವರೆ ಗಂಟೆ.

ಊಟಕ್ಕೆ ನಾರಾಮಾಚಿ. ಇಕ್ಕಟ್ಟು ಓಣಿ, ಮುಂಭಾಗ ಕಿರಿದಾಗಿ ಹಿಂದಕ್ಕೆ ಉದ್ದುದ್ದ ಹೋಗುವ ಮರದ ಮನೆಗಳು, ಸೂರಿನಿಂದ ಇಳಿಬಿಟ್ಟ ಕೆಂಪು ಬಟ್ಟೆಯ ಮಂಗಗಳು. ಮನೆಯವರಿಗೆ ಬರುವ ಕಷ್ಟವನ್ನು ಆ ಮಂಗಗಳು ತಾವು ತೆಗೆದುಕೊಳ್ಳುತ್ತವಂತೆ. ಊಟದ ವಿಷಯಕ್ಕೆ ಗೈಡ್ ಮೂರು ಕಡೆ ಫೋನು ಮಾಡಿದ್ದರು. ಜಪಾನಿನಲ್ಲಿ ತರಕಾರಿ ಅಂದರೂ ಅದು ಬೆಂದ ನೀರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ಸಾರ ಇರುತ್ತದೆ. ಅದನ್ನು ದಾಶಿ ಎನ್ನುತ್ತಾರೆ, ಹಾಕದೆ ಮಾಡಿಕೊಡಿ ಎಂದು ಮೊದಲೇ ಹೇಳಬೇಕು. ಸಿಕ್ಕಿದ್ದು ಚಾಗಾಯು. ಹುರಿದ ಚಹಾದ ಕಷಾಯದಲ್ಲಿ ಅಕ್ಕಿ ಬೇಯಿಸಿದ ತೆಳ್ಳನೆಯ ಕಂದು ಗಂಜಿ, ನಾರಾದವರ ಮನೆಮನೆಯ ಬೆಳಗಿನ ಊಟ. ಪಕ್ಕದ ತಟ್ಟೆಯಲ್ಲಿದ್ದ ನಾರಾಜುಕೆ ಎಂಬ ಉಪ್ಪಿನಕಾಯಿಯನ್ನು ಗೈಡ್ ಆಚೆ ಸರಿಸಿದರು. ಅದು ಅಕ್ಕಿ ಮದ್ಯದ ಗಸಿಯಲ್ಲಿ ಹುದುಗಿಸಿದ್ದು, ನಿಮಗಾಗುವುದಿಲ್ಲ ಎಂದರು. ಅಮ್ಮ ಬ್ಯಾಗಿನಲ್ಲಿದ್ದ ನಿಂಬೆಕಾಯಿ ಉಪ್ಪಿನಕಾಯಿ ಡಬ್ಬಿಯ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು. ಹೋಟೆಲಿನಲ್ಲಿ ಹೊರಗಿನ ತಿಂಡಿ ತೆಗೆಯುವುದು ಅಲ್ಲಿ ಸರಿಯಲ್ಲ. ಗೈಡ್ ಎದ್ದುಹೋಗಿ ಅಂಗಡಿಯಾಕೆಯ ಹತ್ತಿರ ಮಾತಾಡಿ ಬಂದರು. ಆಕೆ ಒಳಗಿನಿಂದ ಒಂದು ಪುಟ್ಟ ಪಿಂಗಾಣಿ ಬಟ್ಟಲು ತಂದು, ಎರಡೂ ಕೈಯಲ್ಲಿ ಅಮ್ಮನ ಮುಂದಿಟ್ಟಳು, ಉಪ್ಪಿನಕಾಯಿಗೆ.

ಗಂಜಿ ಅರ್ಧ ಮುಗಿದಾಗ ಅಮ್ಮ ಕೇಳಿದಳು. "ಆ ಬೋಧಿಸೇನರು ಇಲ್ಲಿ ಎಷ್ಟು ವರ್ಷ ಇದ್ದರಂತೆ?" ಇಪ್ಪತ್ತನಾಲ್ಕು. 760ರಲ್ಲಿ ಇಲ್ಲೇ ತೀರಿಕೊಂಡರು, ವಾಪಸ್ಸು ಹೋಗಲಿಲ್ಲ. "ಇಪ್ಪತ್ತನಾಲ್ಕು ವರ್ಷ ಹಾಲು ಮೊಸರು ಇಲ್ಲದೆ?"

ಗೈಡ್ ಚಾಪ್‌ಸ್ಟಿಕ್ ಕೆಳಗಿಟ್ಟು ಯೋಚಿಸಿ ಉತ್ತರ ಕೊಟ್ಟರು. ಆ ಕಾಲದ ಅರಮನೆಯಲ್ಲಿ ಹಾಲು ಇತ್ತು, ಹಾಲನ್ನು ಕಾಯಿಸಿ ಕಾಯಿಸಿ ಬತ್ತಿಸಿ ಗಟ್ಟಿ ಮಾಡುತ್ತಿದ್ದರು, ಅದಕ್ಕೆ ಸೋ ಎಂದು ಹೆಸರು, ಹತ್ತು ಪಾಲು ಹಾಲಿಗೆ ಒಂದು ಪಾಲು ಎಂದು ಹತ್ತನೇ ಶತಮಾನದ ಶಾಸನ ಪುಸ್ತಕದಲ್ಲೇ ಬರೆದಿದೆ ಎಂದರು. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮುಂಚೆಯೇ ಅಮ್ಮ, "ಖೋವಾ!" ಎಂದಳು. ಅವಳ ಮುಖದಲ್ಲಿ ನೆಮ್ಮದಿ ಕಂಡಿತು.

ಮಧ್ಯಾಹ್ನ ಕೋಫುಕುಜಿ. ಗೋಪುರ ಹೇಳಿದ ಹಾಗೆಯೇ ಮುಚ್ಚಿತ್ತು, ನಾವು ಆ ಕಡೆ ತಿರುಗಲೂ ಇಲ್ಲ. ನೇರ ಸಂಗ್ರಹಾಲಯದ ಒಳಕ್ಕೆ, ಅಸುರನ ಮುಂದಕ್ಕೆ. 734ರ ಮೂರ್ತಿ. ಮೂರು ಮುಖ, ಆರು ಕೈ, ಸರಿಸುಮಾರು ಅಮ್ಮನಷ್ಟೇ ಎತ್ತರ. ಮಣ್ಣಿನ ಅಚ್ಚಿನ ಮೇಲೆ ಅರಗಿನಂತೆ ಗಟ್ಟಿಯಾಗುವ ಮರದ ರಸದಲ್ಲಿ ಅದ್ದಿದ ನಾರಿನ ಬಟ್ಟೆಯನ್ನು ಪದರ ಪದರವಾಗಿ ಸುತ್ತಿ, ಒಣಗಿದ ಮೇಲೆ ಒಳಗಿನ ಮಣ್ಣು ತೆಗೆದುಬಿಡುತ್ತಾರೆ. ಒಳಗೆ ಟೊಳ್ಳು, ಹಗುರ. ಊರಿಗೆ ಊರೇ ಉರಿದಾಗಲೂ ಇದು ಉಳಿದದ್ದು ಅದಕ್ಕೆ, ಹೊತ್ತುಕೊಂಡು ಓಡಬಹುದಿತ್ತು. ಸಾಲಿನಲ್ಲಿ ಕೊಕ್ಕಿನ ಮುಖದ ಕರುರ ಇದ್ದ. "ಗರುಡ" ಎಂದಳು ಅಮ್ಮ. ಕಿನ್ನರ, ಗಂಧರ್ವ, ಎಲ್ಲರ ಗುರುತೂ ಸಿಕ್ಕಿತು. ಅಸುರನ ಮುಂದೆ ಮಾತ್ರ ಅವಳಿಗೆ ಗೊಂದಲ.

"ಅಸುರ ಅಂತೀರಿ. ಇದು ಬೈಸಿಕೊಂಡ ಹುಡುಗನ ಮುಖ ಅಲ್ವಾ?"

ನಿಜ. ಹುಬ್ಬು ಒಂಚೂರು ಗಂಟಿಕ್ಕಿದೆ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎದೆಯ ಮುಂದಿನ ಎರಡು ಕೈ ಜೋಡಿಸಿದ್ದಾನೆ. ಕೋಮ್ಯೋ ಎಂಬ ರಾಣಿ ತನ್ನ ತಾಯಿ ತೀರಿ ವರ್ಷವಾದಾಗ, ವರ್ಷಾಂತಿಕಕ್ಕೆಂದು ಕಟ್ಟಿಸಿದ ಮಂದಿರಕ್ಕೆ ಮಾಡಿಸಿದ ಮೂರ್ತಿಗಳಲ್ಲಿ ಇದೊಂದು. ತಾಯಿಗಾಗಿ ಮಗಳು ಮಾಡಿಸಿದ್ದು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವಾಗ ನನ್ನ ದನಿ ಸರಿಯಿರಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡಳು, ಅಷ್ಟೇ.

ನಾಲ್ಕನೆಯದು ಕಸುಗಾ ತಾಯ್ಶಾ ಎಂದು ತೀರ್ಮಾನವಾಗಿತ್ತು. ಮೂರು ಸಾವಿರ ದೀಪಗಂಬ, ತೂಗುದೀಪಗಳ ಜಾಗ, ನನಗೆ ಆಸೆಯಿತ್ತು. ಗೈಡ್ ಅಮ್ಮನ ನಡಿಗೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಅಲ್ಲಿ ಜಲ್ಲಿ ದಾರಿ ಉದ್ದವಿದೆ, ಅದರ ಬದಲು ಟ್ಯಾಕ್ಸಿಯಲ್ಲಿ ನಿಗಾತ್ಸುದೋದ ಹತ್ತಿರ ಹೋಗೋಣವೇ, ಸಂಜೆ ಬೆಳಕು ಅಲ್ಲಿ ಚೆನ್ನಾಗಿರುತ್ತದೆ ಎಂದರು. ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಹೊಡೆದುಹಾಕುವುದಕ್ಕೆ ಯಾವ ಬಸ್ಸಿಗೂ ಆಗುವುದಿಲ್ಲ. ಒಪ್ಪಿದೆವು.

ನಿಗಾತ್ಸುದೋ ತೋದಾಯ್ಜಿಯ ಹಿಂದಿನ ದಿಣ್ಣೆಯ ಮೇಲಿದೆ. ಮಾರ್ಚ್ ಮೊದಲ ಹದಿನಾಲ್ಕು ದಿನ ಇಲ್ಲಿ ಪಂಜುಗಳನ್ನು ಹೊತ್ತು ವ್ರತ ನಡೆಸುತ್ತಾರೆ, 752ರಿಂದ ಒಂದು ವರ್ಷವೂ ತಪ್ಪಿಲ್ಲ. ಬೆಂಕಿಯ ವರ್ಷಗಳಲ್ಲೂ ತಪ್ಪಿಲ್ಲ. ಕೊನೆಯ ಮೆಟ್ಟಿಲುಗಳು ಮಾತ್ರ ತಪ್ಪುವಂತಿರಲಿಲ್ಲ. ಹತ್ತು ಹತ್ತಿ ಸ್ಟೂಲು, ಇನ್ನು ಹತ್ತು, ಮತ್ತೆ ಸ್ಟೂಲು. ಮೇಲಿನ ಜಗಲಿ ಪಶ್ಚಿಮಕ್ಕೆ ತೆರೆದುಕೊಂಡಿದೆ. ಕೆಳಗೆ ಮಹಾಮಂದಿರದ ಸೂರು, ಅದರ ಎರಡು ಕೊನೆಗಳಲ್ಲಿ ಹೊಳೆಯುವ ಹೊಂಬಣ್ಣದ ಕೊಂಬುಗಳು, ಆಚೆ ಊರು, ಅದರಾಚೆ ಬೆಟ್ಟ, ಇಳಿಯುತ್ತಿದ್ದ ಸೂರ್ಯ.

"ನಮ್ಮೂರು ಯಾವ ಕಡೆ?" ಅಮ್ಮ ಕೇಳಿದಳು.

ಗೈಡ್ ಸೂರ್ಯನ ಕಡೆ ಕೈ ತೋರಿಸಿದರು. ಬೋಧಿಸೇನರು ಪ್ರಾಣ ಬಿಡುವಾಗ ಆ ದಿಕ್ಕಿಗೇ ಮುಖ ಮಾಡಿ ಕೂತಿದ್ದರಂತೆ ಎಂದರು. ಅಮಿತಾಭ ಬುದ್ಧನ ಲೋಕ ಪಶ್ಚಿಮದಲ್ಲಿದೆ ಎಂಬ ನಂಬಿಕೆ ಅದಕ್ಕೆ ಕಾರಣ ಎಂದೂ ಸೇರಿಸಿದರು. ಅಮ್ಮ ಕಾರಣದ ಕಡೆ ಅಷ್ಟು ಗಮನ ಕೊಟ್ಟಂತೆ ಕಾಣಲಿಲ್ಲ.

ಇಳಿಯುವಾಗ ಗೈಡ್ ಒಂದು ಮೆಟ್ಟಿಲು ಮುಂದೆ, ಹಿಂಬದಿಗೆ ತಿರುಗಿ, ಅಮ್ಮನ ಎರಡೂ ಕೈ ಹಿಡಿದುಕೊಂಡು ಇಳಿದರು. ಒಂದೊಂದು ಮೆಟ್ಟಿಲಿಗೂ ಜಪಾನಿಯಲ್ಲಿ ಎಣಿಸುತ್ತಿದ್ದರು, ಅಮ್ಮ ಕನ್ನಡದಲ್ಲಿ ಎಣಿಸುತ್ತಿದ್ದಳು. ಪಕ್ಕದಲ್ಲೇ, ಬಂದವರು ದಣಿವಾರಿಸಿಕೊಳ್ಳುವ ಒಂದು ಮನೆ ಇದೆ. ಬಿಸಿ ಚಹಾ ಇಟ್ಟಿರುತ್ತಾರೆ, ಕಾಸಿಲ್ಲ, ಕುಡಿದ ಲೋಟ ನಾವೇ ತೊಳೆದಿಡಬೇಕು. ಮೂವರೂ ಕುಡಿದೆವು. ಎದ್ದಾಗ ಗೈಡ್ ಲೋಟಗಳಿಗೆ ಕೈ ಚಾಚಿದರು. ಅಮ್ಮ ಬಿಡಲಿಲ್ಲ. "ಕೂತ್ಕೊಳ್ಳಮ್ಮಾ ನೀನು, ಬೆಳಿಗ್ಗೆಯಿಂದ ನಿಂತಿದೀಯ" ಎಂದು ಕನ್ನಡದಲ್ಲೇ ಹೇಳಿ, ಅವರನ್ನು ಅವರದೇ ಸ್ಟೂಲಿನ ಮೇಲೆ ಕೂರಿಸಿ, ಮೂರು ಲೋಟ ತೊಳೆದು ಮಗುಚಿಟ್ಟಳು.